ಎಕ್ಸಾಸ್ಟ್‌ನಲ್ಲಿ ಗುಲಾಬಿ, ಬ್ಲಾಕ್‌ನಲ್ಲಿ ಬರೀ ನೀರು: ಹಾಯಿದೋಣಿಯ ಡೀಸೆಲ್ ಎಂಜಿನ್ ಒಂದರ ಚಳಿಗಾಲದ ಪ್ರಕರಣ

ಆಯಿಲ್ ಮಟ್ಟ ನೋಡುವ ಕಡ್ಡಿ, ಡಿಪ್‌ಸ್ಟಿಕ್, ಹೊರಗೆಳೆದಾಗ ಆಯಿಲ್ ಮೇಲಿನ ಗೆರೆಯನ್ನೂ ದಾಟಿ ಎರಡು ಬೆರಳು ಮೇಲಿತ್ತು. ಎಂಜಿನ್ ಐದು ತಿಂಗಳಿಂದ ಒಂದು ಸುತ್ತೂ ತಿರುಗಿರಲಿಲ್ಲ. ಆಯಿಲ್ ಕಡಿಮೆಯಾಗಿದ್ದರೆ ಎಲ್ಲೋ ಸೋರಿದೆ ಅನ್ನಬಹುದಿತ್ತು. ನಿಂತಲ್ಲೇ ನಿಂತಿದ್ದ ಎಂಜಿನ್‌ನಲ್ಲಿ ಆಯಿಲ್ ಏರಿದೆ ಎಂದರೆ ಅದರಡಿಗೆ ಬೇರೇನೋ ಬಂದು ಕೂತಿದೆ ಎಂದೇ ಲೆಕ್ಕ. ಗೆಳೆಯನ ಕೈ ಆಗಲೇ ಕೀಲಿಯ ಮೇಲಿತ್ತು. "ಕೀಲಿ ಮುಟ್ಟಬೇಡ ಮಾರಾಯ" ಅಂದೆ. ಇಡೀ ಪ್ರಕರಣದಲ್ಲಿ ನಾವು ಸರಿಯಾದ ಹೊತ್ತಿಗೆ ಮಾಡಿದ ಕೆಲಸ ಅದೊಂದೇ ಇರಬೇಕು.

ದೋಣಿ ಸುಮಾರು 9 ಮೀಟರ್ ಉದ್ದದ ಹಾಯಿದೋಣಿ. ಒಳಗೆ ಎರಡು ಸಿಲಿಂಡರ್‌ಗಳ ಹಳೆಯ ಡೀಸೆಲ್ ಎಂಜಿನ್. ಸಮುದ್ರದ ನೀರೇ ನೇರವಾಗಿ ಬ್ಲಾಕ್‌ನೊಳಗೆ, ಅಂದರೆ ಎಂಜಿನ್‌ನ ಎರಕದ ಮೈಯೊಳಗೆ, ಹರಿದು ತಣಿಸುವ ಮಾದರಿ. ಪ್ರಕರಣದ ಬೇರು ಇಲ್ಲೇ ಇರುವುದರಿಂದ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಈಗಿನ ಹೆಚ್ಚಿನ ಎಂಜಿನ್‌ಗಳಲ್ಲಿ ಕಾರಿನಲ್ಲಿರುವಂತೆ ಕೂಲೆಂಟ್ ಒಳಗೊಳಗೇ ಸುತ್ತುತ್ತದೆ. ಸಮುದ್ರದ ನೀರು ಹೀಟ್ ಎಕ್ಸ್‌ಚೇಂಜರ್ ಎಂಬ ಕೊಳವೆಗಳ ಡಬ್ಬಿಯೊಳಗೆ ಹಾದು ಆ ಕೂಲೆಂಟ್‌ನ ಬಿಸಿ ಹೊತ್ತು ಹೊರಗೆ ಹೋಗುತ್ತದೆ. ಅಂಥ ಎಂಜಿನ್‌ನ ಬ್ಲಾಕ್‌ನಲ್ಲಿ ವರ್ಷವಿಡೀ ಆಂಟಿಫ್ರೀಜ್ (ಹೆಪ್ಪುಗಟ್ಟದಂತೆ ತಡೆಯುವ ದ್ರವ) ಇದ್ದೇ ಇರುತ್ತದೆ, ಚಳಿಗಾಲದ ಚಿಂತೆ ಸಮುದ್ರದ ನೀರು ಹರಿಯುವ ದಾರಿಗಷ್ಟೇ. ಹಳೆಯ ಸಣ್ಣ ಎಂಜಿನ್‌ಗಳು ಹಾಗಲ್ಲ. ಸೀಕಾಕ್ (ದೋಣಿಯ ತಳದಲ್ಲಿ ನೀರು ಒಳಬಿಡುವ ನಲ್ಲಿ), ಸ್ಟ್ರೇನರ್ (ಜರಡಿ), ಇಂಪೆಲ್ಲರ್ ಪಂಪ್ (ರಬ್ಬರ್ ರೆಕ್ಕೆಯ ಚಕ್ರದಿಂದ ನೀರು ತಳ್ಳುವುದು), ಬ್ಲಾಕ್, ಥರ್ಮೋಸ್ಟಾಟ್ (ಬಿಸಿಗೆ ತಾನೇ ತೆರೆಯುವ ಬಾಗಿಲು), ಎಕ್ಸಾಸ್ಟ್ ಎಲ್ಬೋ (ನೀರು ಹೊಗೆಗೆ ಸೇರುವ ಬಾಗಿದ ಕೊಳವೆ), ವಾಟರ್‌ಲಾಕ್ ಸೈಲೆನ್ಸರ್ (ನೀರು ನಿಲ್ಲುವ ಹೊಗೆಡಬ್ಬಿ), ಕೊನೆಗೆ ದೋಣಿಯ ಹಿಂಭಾಗದ ತೂತು: ಇಷ್ಟೂ ಒಂದೇ ದಾರಿ, ಒಂದೇ ನೀರು. ಬ್ಲಾಕ್ ಕೂಡ ಆ ದಾರಿಯಲ್ಲೇ ಸಿಗುವ ಒಂದು ಕೋಣೆ. ತನ್ನದು ಯಾವ ಮಾದರಿ ಎಂದು ತಿಳಿಯದೆ ಚಳಿಗಾಲದ ಕೆಲಸಕ್ಕೆ, ಅಂದರೆ ಎಂಜಿನ್ ಅನ್ನು ಚಳಿಗೆ ಸಜ್ಜುಗೊಳಿಸಿ ನಿಲ್ಲಿಸುವುದಕ್ಕೆ, ಕೈಹಾಕುವವರನ್ನು ಕಂಡಿದ್ದೇನೆ. ಎಂಜಿನ್ ಮೇಲೆ ಕೂಲೆಂಟ್ ತುಂಬುವ ಮುಚ್ಚಳ ಕಾಣದಿದ್ದರೆ ನಿಮ್ಮದು ಹೆಚ್ಚುಕಡಿಮೆ ಈ ಹಳೆಯ ಜಾತಿಯದೇ.

ಗೆಳೆಯ ಅಶ್ರದ್ಧೆಯ ಮನುಷ್ಯನಲ್ಲ. ಅವನ ಲಾಗ್ ಪುಸ್ತಕ ತೆರೆದರೆ ಶರತ್ಕಾಲದ ಕೊನೆಯ ಎರಡು ದಿನಗಳ ಕೆಲಸವೆಲ್ಲ ಸಾಲುಸಾಲಾಗಿ ಇತ್ತು. ಆ ವರ್ಷ ಕ್ರೇನಿನ ದಿನ ಮುಂಚೆ ಬಂದದ್ದರಿಂದ ದೋಣಿಯನ್ನು ಮೊದಲ ಬಾರಿಗೆ ದಡಕ್ಕೆತ್ತಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿದ್ದ. ಶನಿವಾರ ಬಕೆಟ್ಟಿಗೆ ಸಿಹಿನೀರಿನ ಪೈಪು ಬಿಟ್ಟು, ಅದರಿಂದ ಎಳೆದುಕೊಳ್ಳುವಂತೆ ಎಂಜಿನ್ ಓಡಿಸಿ, ಚೆನ್ನಾಗಿ ಬಿಸಿಯಾಗುವವರೆಗೆ ಒಳಗಿನ ಉಪ್ಪು ತೊಳೆದಿದ್ದ. ಬಿಸಿ ಇರುವಾಗಲೇ ಹಳೆಯ ಆಯಿಲ್ ಹೀರಿ ತೆಗೆದು, ಫಿಲ್ಟರ್ ಬದಲಿಸಿ, ಹೊಸ ಆಯಿಲ್ ಹಾಕಿದ್ದ. "ಮೇಲಿನ ಗೆರೆಗೆ ಸರಿಯಾಗಿ" ಎಂದು ಬರೆದುಕೊಂಡಿದ್ದ. ಆ ಮೂರು ಪದ ಇಲ್ಲದೇ ಹೋಗಿದ್ದರೆ ಡಿಪ್‌ಸ್ಟಿಕ್ ನೋಡಿ "ಹೋದ ಸಲ ಸ್ವಲ್ಪ ಜಾಸ್ತಿ ಹಾಕಿರಬೇಕು" ಎಂದು ಮುಂದೆ ಹೋಗುತ್ತಿದ್ದೆವೇನೋ. ಅಷ್ಟರಲ್ಲಿ ಕತ್ತಲಾಯಿತು. ಭಾನುವಾರ ಬೆಳಿಗ್ಗೆ ಬಂದು, ಬಕೆಟ್ಟಿಗೆ 10 ಲೀಟರ್ ಗುಲಾಬಿ ಬಣ್ಣದ ಪ್ರೊಪಿಲೀನ್ ಗ್ಲೈಕಾಲ್ ಆಂಟಿಫ್ರೀಜ್ ಸುರಿದು, ಎಂಜಿನ್ ಸ್ಟಾರ್ಟ್ ಮಾಡಿ, ಹಿಂದಿನಿಂದ ಗುಲಾಬಿ ನೀರು ಚಿಮ್ಮುವುದನ್ನು ಕಣ್ಣಾರೆ ಕಂಡು, ಬಕೆಟ್ ಖಾಲಿಯಾಗುತ್ತಲೇ ನಿಲ್ಲಿಸಿದ್ದ. "ಎಕ್ಸಾಸ್ಟ್‌ನಲ್ಲಿ ದಟ್ಟ ಗುಲಾಬಿ. ಆಯ್ತು" ಎಂಬುದು ಲಾಗ್‌ನ ಕೊನೆಯ ಸಾಲು.

ಮೊದಲು ಸಂಪ್‌ನಲ್ಲಿ, ಅಂದರೆ ಎಂಜಿನ್ ತಳದ ಆಯಿಲ್ ತೊಟ್ಟಿಯಲ್ಲಿ, ಏನಿದೆ ಎಂದು ನೋಡಿದೆವು. ಡಿಪ್‌ಸ್ಟಿಕ್ಕಿನ ಕೊಳವೆಯೊಳಗೆ ತೆಳು ಪೈಪನ್ನು ತಳ ಮುಟ್ಟುವವರೆಗೆ ಇಳಿಸಿ ಕೈಪಂಪಿನಿಂದ ಎಳೆದರೆ ಮೊದಲು ಬಂದದ್ದು ಆಯಿಲ್ ಅಲ್ಲ, ನೀರು. ಒಂದು ಲೀಟರಿಗೆ ಸ್ವಲ್ಪ ಕಮ್ಮಿ, ತುಸು ತುಕ್ಕಿನ ಬಣ್ಣ, ಬೆಳಕಿಗೆ ಹಿಡಿದರೆ ಎಲ್ಲೋ ಒಂದಿಷ್ಟು ಗುಲಾಬಿ ಛಾಯೆ. ಅದರ ಹಿಂದೆಯೇ ಹೊಚ್ಚಹೊಸದರಂತಿದ್ದ ಆಯಿಲ್. ಎರಡೂ ಬೆರೆತಿರಲಿಲ್ಲ. ಕೀಲಿ ತಿರುಗಿಸಿದ್ದರೆ ಕೆಲವೇ ನಿಮಿಷಗಳಲ್ಲಿ ಎರಡೂ ಕಡೆದು ಹಾಲು ಬೆರೆತ ಕಾಫಿಯ ಬಣ್ಣದ ಗಸಿಯಾಗಿ, ಅದೇ ಗಸಿ ಬೇರಿಂಗ್‌ಗಳಿಗೆ ಹೋಗುತ್ತಿತ್ತು. ಆಯಿಲ್ ಬೇರಿಂಗ್ ಮತ್ತು ಶಾಫ್ಟ್ ನಡುವೆ ಪದರವಾಗಿ ನಿಲ್ಲುತ್ತದೆ, ನೀರು ಬೆರೆತ ಆಯಿಲ್ ನಿಲ್ಲುವುದಿಲ್ಲ.

ನೀರು ಬಂದದ್ದೆಲ್ಲಿಂದ? ಅನುಮಾನ ಪಡಬೇಕಾದ ದಾರಿಗಳು ನಾಲ್ಕೈದಿದ್ದವು. ಮಳೆನೀರು ಗಾಳಿಯ ದಾರಿಯಿಂದ ಇಳಿದಿರಬಹುದೇ ಎಂದರೆ, ಗೆಳೆಯ ಅಲ್ಲಿ ಎಣ್ಣೆಬಟ್ಟೆ ತುರುಕಿದ್ದ, ಅದು ಒಣಗಿಯೇ ಇತ್ತು. ಸೈಲೆನ್ಸರ್ ತುಂಬಿ ಎಕ್ಸಾಸ್ಟ್ ವಾಲ್ವ್ ಮೂಲಕ ನೀರು ಸಿಲಿಂಡರ್‌ಗೆ ಹಿಮ್ಮೆಟ್ಟಿರಬಹುದು. ಸೀಕಾಕ್ ತೆರೆದಿಟ್ಟುಕೊಂಡು, ಹೊತ್ತಿಕೊಳ್ಳದ ಎಂಜಿನ್ ಅನ್ನು ಸ್ಟಾರ್ಟರ್‌ನಿಂದ ತಿರುಗಿಸುತ್ತಲೇ ಇದ್ದರೆ ಹೀಗಾಗುತ್ತದೆ, ಏಕೆಂದರೆ ಪಂಪ್ ನೀರು ತಳ್ಳುತ್ತಿರುತ್ತದೆ, ಅದನ್ನು ಹೊರಗೆ ಊದುವ ಹೊಗೆಯ ಒತ್ತಡ ಮಾತ್ರ ಇರುವುದಿಲ್ಲ. ಇಂಜೆಕ್ಟರ್ ಬಿಚ್ಚಿ ಕೈಯಿಂದ ನಿಧಾನಕ್ಕೆ ತಿರುಗಿಸಿದೆವು. ಪಿಸ್ಟನ್‌ಗಳ ಮೇಲೆ ಒಂದು ಹನಿಯೂ ಇರಲಿಲ್ಲ. ಪಂಪಿನ ಶಾಫ್ಟ್ ಸೀಲ್ ಹೋದರೂ ನೀರು ಒಳಕ್ಕೆ ಬರುತ್ತದೆ. ಆದರೆ ಇಂಪೆಲ್ಲರ್ ಅನ್ನು ಗೆಳೆಯ ಶರತ್ಕಾಲದಲ್ಲೇ ಹೊರತೆಗೆದು ಕೀಲಿಗೆ ಕಟ್ಟಿಟ್ಟಿದ್ದ, ಖಾಲಿ ಪಂಪಿನಲ್ಲಿ ಒಂದು ಲೀಟರ್ ನೀರು ಎಲ್ಲಿಂದ ಬರಬೇಕು? ಉಳಿದದ್ದು ಎರಡು: ಹೆಡ್ ಗ್ಯಾಸ್ಕೆಟ್ (ಬ್ಲಾಕ್‌ಗೂ ಅದರ ಮೇಲಿನ ಹೆಡ್‌ಗೂ ನಡುವಿನ ಸೀಲು ಹಾಳೆ), ಇಲ್ಲವೇ ಬ್ಲಾಕ್.

ಆಗ ಬ್ಲಾಕ್‌ನ ಬುಡದ ಕಾಕ್ (ನೀರು ಇಳಿಸುವ ನಲ್ಲಿ) ತಿರುಗಿಸಿದೆ. ಏನೂ ಬರಲಿಲ್ಲ. ಬರದಿದ್ದದ್ದನ್ನು ಕಂಡು "ಸದ್ಯ, ಖಾಲಿ ಇದೆ" ಎಂದು ಗೆಳೆಯ ಉಸಿರುಬಿಟ್ಟ. ಹಳೆಯ ಎಂಜಿನ್‌ನ ಡ್ರೈನ್ ಕಾಕ್ ತೆರೆದಾಗ ಏನೂ ಬರದಿದ್ದರೆ ಒಳಗೆ ಏನೂ ಇಲ್ಲ ಎಂದಲ್ಲ, ಬಾಯಿಗೆ ತುಕ್ಕಿನ ಚಕ್ಕೆ, ಉಪ್ಪಿನ ಗಟ್ಟಿ ಕೂತಿದೆ ಎಂದೇ ಮೊದಲು ಅನುಮಾನಿಸಬೇಕು. ತಂತಿ ಹಾಕಿ ಕೆದಕಿದೆ. ನಾಲ್ಕನೇ ಸಲಕ್ಕೆ ಚಕ್ಕೆ ಒಡೆದು ಕಂದುನೀರು ಸುರಿಯಿತು. ಅದರ ಒಂದು ಹನಿಯನ್ನು ರಿಫ್ರ್ಯಾಕ್ಟೋಮೀಟರ್ (ಬೆಳಕು ಬಾಗುವುದನ್ನು ನೋಡಿ ದ್ರವದಲ್ಲಿ ಗ್ಲೈಕಾಲ್ ಎಷ್ಟಿದೆ ಎಂದು ಅಳೆಯುವ ಉಪಕರಣ) ಗಾಜಿನ ಮೇಲಿಟ್ಟು ಪ್ರೊಪಿಲೀನ್ ಗ್ಲೈಕಾಲ್‌ನ ಮಾಪಕದಲ್ಲಿ ಓದಿದರೆ ಹೆಪ್ಪುಗಟ್ಟುವ ಬಿಂದು −2 ಡಿಗ್ರಿ ಸೆಲ್ಸಿಯಸ್. (ಆ ಉಪಕರಣದಲ್ಲಿ ಎಥಿಲೀನ್‌ಗೆ ಬೇರೆ ಮಾಪಕ, ಪ್ರೊಪಿಲೀನ್‌ಗೆ ಬೇರೆ, ಅದಲುಬದಲಾದರೆ ಓದು ತಪ್ಪುತ್ತದೆ. ನಾಲಿಗೆಗೆ ಹಚ್ಚಿ ನೋಡುವ ಹಳೆಯ ಚಾಳಿ ಖಂಡಿತ ಬೇಡ, ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುವ ವಿಷ.) ಆಮೇಲೆ ಸೈಲೆನ್ಸರ್‌ನ ತಳದಿಂದ ಒಂದು ಹನಿ ತೆಗೆದು ಅದೇ ಗಾಜಿನ ಮೇಲಿಟ್ಟೆವು: −9. ಎರಡೂ ಒಂದೇ ಎಂಜಿನ್‌ನ, ಒಂದೇ ದಾರಿಯ ನೀರು. ಗುಲಾಬಿ ದ್ರವ ಸೈಲೆನ್ಸರ್‌ಗೆ ಹೋಗಿದೆ, ಬ್ಲಾಕ್‌ಗೆ ಹೋಗಿಲ್ಲ. ಇನ್ನು ತನಿಖೆ ಬೇಕಾದದ್ದು ಏಕೆ ಹೋಗಲಿಲ್ಲ ಎಂಬುದಕ್ಕೆ.

ಉತ್ತರ ಥರ್ಮೋಸ್ಟಾಟ್. ಎಂಜಿನ್ ತಣ್ಣಗಿರುವಾಗ ಅದು ಮುಚ್ಚಿಕೊಂಡು ಬ್ಲಾಕ್‌ನಿಂದ ಹೊರಹೋಗುವ ಬಾಗಿಲನ್ನು ಕಟ್ಟಿಹಾಕುತ್ತದೆ. ಪಂಪ್ ಮಾತ್ರ ಎಂಜಿನ್ ತಿರುಗುವಷ್ಟು ಹೊತ್ತೂ ನೀರು ತಳ್ಳಲೇಬೇಕು, ಎಕ್ಸಾಸ್ಟ್ ಪೈಪು ರಬ್ಬರಿನದು, ನೀರಿಲ್ಲದೆ ಸುಟ್ಟುಹೋಗುತ್ತದೆ. ಹಾಗಾಗಿ ತಣ್ಣಗಿನ ಎಂಜಿನ್‌ನಲ್ಲಿ ನೀರು ಬೈಪಾಸ್ ದಾರಿ ಹಿಡಿದು, ಬ್ಲಾಕ್ ಅನ್ನು ಹೊರಗಿನಿಂದಲೇ ಬಳಸಿ, ನೇರ ಎಕ್ಸಾಸ್ಟ್ ಎಲ್ಬೋಗೆ ಹೋಗುತ್ತದೆ. ಎಂಜಿನ್ ಬಿಸಿಯಾದ ಮೇಲೆ ಬಾಗಿಲು ತೆರೆದು ಬ್ಲಾಕ್‌ನೊಳಗೂ ಹರಿವು ಶುರು. ಸಮುದ್ರದ ನೀರು ನೇರ ಹರಿಯುವ ಎಂಜಿನ್‌ಗಳಲ್ಲಿ ಈ ಬಾಗಿಲು ಕಾರುಗಳಿಗಿಂತ ಕಡಿಮೆ ಬಿಸಿಗೇ, 60 ಡಿಗ್ರಿಯ ಒಳಗೇ, ತೆರೆಯುವಂತೆ ಇಟ್ಟಿರುತ್ತಾರೆ. ಅದಕ್ಕಿಂತ ಬಿಸಿಯಾದರೆ ಉಪ್ಪು ಗೋಡೆಗೆ ಹಿಡಿಯುತ್ತದೆ.

ಈಗ ಲಾಗ್ ಮತ್ತೆ ಓದಿ. ಶನಿವಾರ ಎಂಜಿನ್ ಬಿಸಿ, ಬಾಗಿಲು ತೆರೆದಿದೆ: ಬ್ಲಾಕ್ ತುಂಬ ಸಿಹಿನೀರು. ಭಾನುವಾರ ಎಂಜಿನ್ ತಣ್ಣಗೆ, ಬಾಗಿಲು ಮುಚ್ಚಿದೆ: 10 ಲೀಟರ್ ಆಂಟಿಫ್ರೀಜ್ ಒಂದೇ ನಿಮಿಷದ ಆಸುಪಾಸಿನಲ್ಲಿ ಪಕ್ಕದ ದಾರಿಯಿಂದ ಹಾದುಹೋಗಿದೆ. ಥರ್ಮೋಸ್ಟಾಟ್ ಬಿಸಿಯಾಗಲು ಅಷ್ಟು ಹೊತ್ತು ಎಲ್ಲಿ ಸಾಕು? ಇದರಲ್ಲಿ ನನಗೆ ಹೊಟ್ಟೆ ಉರಿಸುವ ಸಂಗತಿಯೆಂದರೆ, ಶನಿವಾರದ ಒಳ್ಳೆಯ ಕೆಲಸವೇ ಭಾನುವಾರಕ್ಕೆ ಮುಳುವಾದದ್ದು. ಸಮುದ್ರದ ನೀರು ಹೆಪ್ಪುಗಟ್ಟಬೇಕಾದರೆ ಸುಮಾರು −1.9 ಡಿಗ್ರಿಗೆ ಇಳಿಯಬೇಕು. ತೊಳೆದು ತುಂಬಿಸಿದ ಸಿಹಿನೀರಿಗೆ 0 ಸಾಕು.

"ಐದು ವರ್ಷ ಹೀಗೇ ಮಾಡಿದ್ದೀನಲ್ಲ, ಆಗೆಲ್ಲ ಯಾಕೆ ಏನೂ ಆಗ್ಲಿಲ್ಲ?" ಎಂದು ಗೆಳೆಯ ಕೇಳಿದ. ನ್ಯಾಯವಾದ ಪ್ರಶ್ನೆ. ಹಳೆಯ ಪುಟಗಳನ್ನು ತಿರುವಿದೆವು. ಹಿಂದಿನ ಐದೂ ವರ್ಷ ಅವನು ಋತುವಿನ ಕೊನೆಯ ಸವಾರಿ ಮುಗಿಸಿ ಕಟ್ಟೆಗೆ ಬಂದು, ಎಂಜಿನ್ ಕಾದಿರುವಾಗಲೇ, ಅದೇ ಗಂಟೆಯಲ್ಲಿ ಆಂಟಿಫ್ರೀಜ್ ಎಳೆಸಿದ್ದ. ದೋಣಿ ಚಳಿಗಾಲವಿಡೀ ನೀರಿನಲ್ಲೇ ಇತ್ತು. ಅಂದರೆ ಈ ವರ್ಷ ಒಂದಲ್ಲ, ಎರಡು ಬದಲಾವಣೆ. ನೀರಿನಲ್ಲಿರುವ ದೋಣಿಯ ಹೊಟ್ಟೆಗೆ ಸುತ್ತಲ ನೀರಿನ ಬಿಸುಪು ತಾಗುತ್ತಿರುತ್ತದೆ. ಮೇಲೆ ಗಾಳಿ −15 ಇದ್ದರೂ ಹೆಪ್ಪುಗಟ್ಟದ ನೀರು ಹಾಗೆ ಇಳಿಯಲಾರದು, ಎಂಜಿನ್ ಕೋಣೆಯೂ ಅದರ ಜೊತೆಗೇ ಉಳಿಯುತ್ತದೆ. ದಡದ ಮೇಲೆ ನಿಂತ ದೋಣಿಗೆ ಆ ಹೊದಿಕೆ ಇಲ್ಲ, ಕೆಳಗಿನಿಂದಲೂ ಗಾಳಿ ಬೀಸುತ್ತದೆ. ಒಡೆದದ್ದು ಯಾವುದರಿಂದ ಎಂದರೆ ನನ್ನ ತೀರ್ಪು ಥರ್ಮೋಸ್ಟಾಟ್ ಕಡೆಗೇ, ಏಕೆಂದರೆ ಬ್ಲಾಕ್‌ನಲ್ಲಿ ಸರಿಯಾದ ದ್ರವ ಇದ್ದಿದ್ದರೆ ದಡದ ಚಳಿ ಏನೂ ಮಾಡುತ್ತಿರಲಿಲ್ಲ. ಆದರೆ ಹಿಂದಿನ ಐದು ವರ್ಷವೂ ಬ್ಲಾಕ್ ಪೂರ್ತಿ ರಕ್ಷಣೆಯಲ್ಲಿತ್ತು ಎಂದು ನಾನು ಒಪ್ಪುವುದಿಲ್ಲ. ಬಿಸಿ ಎಂಜಿನ್‌ಗೂ ಬಕೆಟ್ಟಿನ ತಣ್ಣನೆಯ ದ್ರವ ತಾಗಿದೊಡನೆ ಥರ್ಮೋಸ್ಟಾಟ್ ಮತ್ತೆ ಮುಚ್ಚತೊಡಗುತ್ತದೆ. ಆಗ ಅರೆಬರೆ ಮಿಶ್ರಣ ಹೋಗಿರಬೇಕು, ಉಳಿದದ್ದನ್ನು ಸುತ್ತಲ ನೀರು ಕಾಪಾಡಿರಬೇಕು.

ಅರೆಬರೆ ಮಿಶ್ರಣದ ಮಾತು ಬಂದಾಗ ಡಬ್ಬಿಯ ಮೇಲಿನ ಅಂಕಿಯನ್ನೂ ನೋಡಬೇಕು. ಗುಲಾಬಿ ದ್ರವದ ಡಬ್ಬಿಗಳ ಮೇಲೆ ದೊಡ್ಡದಾಗಿ −50 ಎಂದಿರುತ್ತದೆ. ಆ 50 ಫ್ಯಾರನ್‌ಹೀಟ್, ಅಂದರೆ ಸೆಲ್ಸಿಯಸ್‌ನಲ್ಲಿ ಸುಮಾರು −46. ಅದು ಕೂಡ ಪೈಪು ಒಡೆಯದ ಮಿತಿಯೇ ಹೊರತು ದ್ರವ ಹೆಪ್ಪುಗಟ್ಟದ ಮಿತಿಯಲ್ಲ. ದ್ರವ −10 ದಾಟುವಷ್ಟರಲ್ಲೇ ಮೆದು ಮಂಜಿನ ಗೊಜ್ಜಾಗತೊಡಗುತ್ತದೆ. ಗೊಜ್ಜು ಜಾಗವಿದ್ದ ಕಡೆಗೆ ಸರಿಯುತ್ತದೆ, ಆದ್ದರಿಂದ ಲೋಹ ಒಡೆಯುವುದಿಲ್ಲ. ಆದರೆ ಈ ಲೆಕ್ಕವೆಲ್ಲ ನೀರು ಬೆರೆಸದ ದ್ರವದ್ದು. ಅಷ್ಟಕ್ಕಷ್ಟೇ ನೀರು ಸೇರಿದರೆ −5ರ ಸುತ್ತಮುತ್ತಲೇ ಹೆಪ್ಪು ಶುರು, ಡಬ್ಬಿಯ ಮೇಲಿನ ಅಂಕಿಗೆ ಬೆಲೆ ಇಲ್ಲ. ಬ್ಲಾಕ್‌ನಲ್ಲಿ ಎರಡು ಮೂರು ಲೀಟರ್ ನೀರು ಮೊದಲೇ ಕೂತಿರುವಾಗ ಅದನ್ನು ಇಳಿಸದೆ ಮೇಲೆ ಸುರಿಯುವುದು ಅಳತೆ ತಪ್ಪಿದ ಕಷಾಯ ಕುಡಿದಂತೆ.

ಬ್ಲಾಕ್ ಎಲ್ಲಿ ಒಡೆದಿದೆ ಎಂದು ನೋಡಲು ಥರ್ಮೋಸ್ಟಾಟ್‌ನ ಬಾಯಿ ಮುಚ್ಚಿ, ಕೈಪಂಪಿನಿಂದ ನೀರಿನ ಕೋಣೆಗೆ ಒಂದು ಬಾರ್‌ಗಿಂತ ಕಡಿಮೆ ಗಾಳಿ ಕೊಟ್ಟೆವು. ಒತ್ತಡ ತೋರಿಸುವ ಮುಳ್ಳು ನಿಲ್ಲಲೇ ಇಲ್ಲ, ಆಯಿಲ್ ಹಾಕುವ ಬಾಯಿಗೆ ಕಿವಿಯಿಟ್ಟರೆ ಬುಸ್ ಸದ್ದು. ಹೆಡ್ ಬಿಚ್ಚಿ ನೋಡಿದರೆ ಗ್ಯಾಸ್ಕೆಟ್ ಚೆನ್ನಾಗಿತ್ತು. ಪುಶ್‌ರಾಡ್ (ವಾಲ್ವ್ ಎತ್ತುವ ಕಡ್ಡಿ) ಇರುವ ಪಕ್ಕದ ಗೋಡೆಗೆ ಬಿರುಕು ತೋರಿಸುವ ಕೆಂಪು ಬಣ್ಣ ಹಚ್ಚಿ ಒರೆಸಿ, ಬಿಳಿ ಪುಡಿ ಸಿಂಪಡಿಸಿದಾಗ ಒಂದು ಗೇಣುದ್ದದ ಕೂದಲೆಳೆ ನಿಧಾನಕ್ಕೆ ಮೂಡಿತು. ಮಂಜು ಕರಗಿದ ಮೇಲೆ ಆ ಗೆರೆಗಿಂತ ಮೇಲಿದ್ದ ನೀರೆಲ್ಲ ಅಲ್ಲಿಂದ ಸಂಪ್‌ಗೆ ಇಳಿದಿತ್ತು, ಕೆಳಗಿದ್ದದ್ದು ನಮ್ಮ ತಂತಿಗಾಗಿ ಕಾದಿತ್ತು.

ನೀರು ಹೆಪ್ಪುಗಟ್ಟುವಾಗ ಸುಮಾರು ಶೇಕಡ 9ರಷ್ಟು ಹಿಗ್ಗುತ್ತದೆ. ಹಿಗ್ಗಲು ಬಿಡದೆ ತಡೆಯುತ್ತೇನೆಂದರೆ, −22 ಡಿಗ್ರಿಯ ಹೊತ್ತಿಗೆ ವಾತಾವರಣದ ಎರಡು ಸಾವಿರ ಪಟ್ಟು ಒತ್ತಡ ಹಾಕಬೇಕಾಗುತ್ತದೆ. ಎರಕದ ಕಬ್ಬಿಣ ಅದುಮಿದರೆ ತಡೆಯುತ್ತದೆ, ಒಳಗಿನಿಂದ ಹಿಗ್ಗಿಸಿದರೆ ಬಿರಿಯುತ್ತದೆ. "ಅದಕ್ಕೇ ಅಲ್ವಾ ಬ್ಲಾಕ್‌ಗೆ ಫ್ರೀಜ್ ಪ್ಲಗ್ ಇಟ್ಟಿರೋದು?" ಎಂದು ದಡದಲ್ಲಿ ನಿಂತವರೊಬ್ಬರು ಕೇಳಿದರು. ಹೆಸರು ಹಾಗಿದ್ದರೂ ಅವು ಇರುವುದು ಬೇರೆ ಕಾರಣಕ್ಕೆ: ಎರಕ ಹೊಯ್ದ ಮೇಲೆ ಒಳಗಿನ ಮರಳು ತೆಗೆದ ತೂತುಗಳ ಮುಚ್ಚಳಗಳು ಅವು. ಕೆಲವೊಮ್ಮೆ ಮಂಜಿಗೆ ಅವೇ ಮೊದಲು ಹಾರಿ ಬ್ಲಾಕ್ ಉಳಿಯುವುದುಂಟು. ನಮ್ಮಲ್ಲಿ ಪ್ಲಗ್‌ಗಳು ಕೂತಲ್ಲೇ ಕೂತಿದ್ದವು, ಗೋಡೆ ಹೋಯಿತು.

ರಿಪೇರಿಯ ಕಥೆ ಉದ್ದ ಮಾಡುವುದಿಲ್ಲ. ಎರಕದ ಬಿರುಕನ್ನು ಲೋಹದ ಹೊಲಿಗೆಯಿಂದ ಮುಚ್ಚುವವರಿದ್ದಾರೆ, ತೋರಿಸಿದೆವು. ಬಿರುಕಿನ ಒಂದು ತುದಿ ಉಪಕರಣ ತಲುಪದ ಮೂಲೆಗೆ ಓಡಿತ್ತು. ಅದೇ ಮಾದರಿಯ ಹಳೆಯ ಬ್ಲಾಕ್ ಒಂದು ಸಿಕ್ಕಿತು. ಹೆಡ್, ಇಂಜೆಕ್ಷನ್ ಪಂಪ್, ಗೇರ್‌ಬಾಕ್ಸ್ ಹಳೆಯವೇ. ನೀರು ಸಂಪ್‌ನ ತಳದಲ್ಲೇ ಇದ್ದದ್ದರಿಂದ ಕ್ರ್ಯಾಂಕ್‌ಶಾಫ್ಟ್ ಕೂಡ ಉಳಿಯಿತು. ಬೇಸಿಗೆಯ ಅರ್ಧ ಅಲ್ಲಿಗೇ ಹೋಯಿತು.

ಮುಂದಿನ ಶರತ್ಕಾಲದಲ್ಲಿ ನಾನು ಬೇಕೆಂದೇ ಅದೇ ತಪ್ಪನ್ನು ಇನ್ನೊಮ್ಮೆ ಮಾಡಿಸಿದೆ, ಈ ಸಲ ಅಳತೆ ಹಿಡಿದು. ರಾತ್ರಿಯಿಡೀ ತಣ್ಣಗಾದ ಎಂಜಿನ್, ಬಕೆಟ್ಟಿನಲ್ಲಿ ಆಂಟಿಫ್ರೀಜ್, ಹಿಂದೆ ಎಕ್ಸಾಸ್ಟ್‌ಗೆ ಒಡ್ಡಿದ ಇನ್ನೊಂದು ಬಕೆಟ್. ಬಕೆಟ್ ಅರ್ಧವೂ ಇಳಿದಿರಲಿಲ್ಲ, ಹಿಂದೆ ದಟ್ಟ ಗುಲಾಬಿ ಬಂತು. ನಿಲ್ಲಿಸಿ ಬ್ಲಾಕ್‌ನ ಕಾಕ್ ತೆರೆದೆವು. ಬಂದದ್ದು ತಿಳಿನೀರು, ಓದು 0ಗಿಂತ ಒಂದು ಕೂದಲು ಕೆಳಗೆ. ಥರ್ಮೋಸ್ಟಾಟ್‌ನಲ್ಲಿ ಗಾಳಿ ಹೋಗಲು ಇರುವ ಸಣ್ಣ ತೂತಿನಿಂದ ನುಸುಳಿದ್ದು ಅಷ್ಟೇ. ಗೆಳೆಯ ಲಾಗ್‌ನ ಹಳೆಯ ಪುಟ ತೆರೆದು, "ದಟ್ಟ ಗುಲಾಬಿ. ಆಯ್ತು" ಎಂಬುದರ ಮೇಲೆ ಅಡ್ಡಗೆರೆ ಎಳೆದ.

ಆಮೇಲೆ ನಾವು ಕೆಲಸ ಮಾಡಿದ ಕ್ರಮ ಹೀಗೆ. ಬಿಸಿ ಎಂಜಿನ್‌ನಲ್ಲಿ ಸಿಹಿನೀರು ಓಡಿಸಿ ಉಪ್ಪು ತೊಳೆಯುವುದು, ಆಯಿಲ್ ಬದಲಿಸುವುದು ಮೊದಲಿನಂತೆಯೇ. ಆಯಿಲ್ ಬದಲಿಸುವುದನ್ನು ವಸಂತಕ್ಕೆ ದೂಡುವವರುಂಟು. ಅದು ಸರಿಯಲ್ಲ, ಉರಿದ ಡೀಸೆಲ್‌ನ ಆಮ್ಲ ಹಳೆಯ ಆಯಿಲ್‌ನಲ್ಲಿ ಸೇರಿರುತ್ತದೆ, ಚಳಿಗಾಲವಿಡೀ ಬೇರಿಂಗ್‌ಗಳನ್ನು ಅದರಲ್ಲಿ ನೆನೆಹಾಕಬಾರದು. ನಂತರ ಎಂಜಿನ್ ಆರಿಸಿ ಬ್ಲಾಕ್‌ನ ಕಾಕ್ ಬಿಚ್ಚಿದೆವು. ತೆರೆಯುವುದಲ್ಲ, ಪೂರ್ತಿ ಬಿಚ್ಚಿ ತೂತಿಗೆ ತಂತಿ ಆಡಿಸುವುದು. ನೀರೆಲ್ಲ ಇಳಿದ ಮೇಲೆ ಕಾಕ್ ವಾಪಸ್ ಹಾಕಿ, ಥರ್ಮೋಸ್ಟಾಟ್ ತೆಗೆದು, ಅದರ ಮುಚ್ಚಳವನ್ನು ಖಾಲಿಯಾಗಿಯೇ ವಾಪಸ್ ಕೂರಿಸುವ ಮುನ್ನ, ಆ ಬಾಯಿಂದಲೇ ಬ್ಲಾಕ್‌ಗೆ ನೀರು ಬೆರೆಸದ ಆಂಟಿಫ್ರೀಜ್ ಸುರಿದೆವು, ತುಂಬಿ ತುಳುಕುವವರೆಗೆ. ಆಮೇಲಷ್ಟೇ ಬಕೆಟ್ಟಿನಿಂದ ಎಂಜಿನ್ ಓಡಿಸಿ ಪಂಪ್, ಪೈಪು, ಎಲ್ಬೋ, ಸೈಲೆನ್ಸರ್‌ಗಳಿಗೆ ದ್ರವ ಮುಟ್ಟಿಸಿದ್ದು. ಬಕೆಟ್ ಬರಿದಾಗುವ ಮೊದಲೇ ನಿಲ್ಲಿಸಬೇಕು, ಒಣಗಿ ತಿರುಗಿದ ರಬ್ಬರ್ ಇಂಪೆಲ್ಲರ್ ನಿಮಿಷದೊಳಗೆ ಹಾಳಾಗುತ್ತದೆ. ಕೊನೆಯ ಕೆಲಸ, ಈ ಪ್ರಕರಣದಿಂದ ಹೊಸದಾಗಿ ಸೇರಿದ್ದು: ಬ್ಲಾಕ್‌ನ ಕಾಕ್‌ನಿಂದ ಒಂದು ಲೋಟ ಇಳಿಸಿ ರಿಫ್ರ್ಯಾಕ್ಟೋಮೀಟರ್‌ನಲ್ಲಿ ಓದಿ, ಅಂಕಿಯನ್ನು ಲಾಗ್‌ಗೆ ಬರೆಯುವುದು. ಎಕ್ಸಾಸ್ಟ್‌ನ ಬಣ್ಣ ನೋಡುವುದನ್ನು ಬಿಟ್ಟೆವು. ಹೊರಗೆ ಬಂದ ದ್ರವವನ್ನು ಹಿಡಿದಿಟ್ಟು ತ್ಯಾಜ್ಯದ ಡಬ್ಬಕ್ಕೆ ಹಾಕಿದೆವು, ನೀರಿಗೆ ಬಿಡಲಿಲ್ಲ.

ನೀರು ಇಳಿಸಿ ಖಾಲಿಯಾಗಿಯೇ ಬಿಡಬಾರದೇ ಎಂದು ಕೇಳುವವರಿದ್ದಾರೆ. ಬಿಡಬಹುದು, ಎಲ್ಲ ಮೂಲೆಯೂ ಬರಿದಾಗಿದೆ ಎಂದು ಖಚಿತವಿದ್ದರೆ ಮಂಜಿಗೆ ಒಡೆಯುವುದಿಲ್ಲ. ಆದರೆ ಉಪ್ಪುನೀರು ಕಂಡ ಹಸಿ ಕಬ್ಬಿಣಕ್ಕೆ ಗಾಳಿ ತಾಗಿದರೆ ತುಕ್ಕು ಜೋರು. ತುಕ್ಕು ತಡೆಯುವ ದ್ರವ ತುಂಬಿಡುವುದೇ ನನಗೆ ಸಮಾಧಾನ.

ಉಳಿದವು ಎಲ್ಲರಿಗೂ ಗೊತ್ತಿರುವಂಥವು. ಡೀಸೆಲ್ ಟ್ಯಾಂಕ್ ತುಂಬಿಸಿಡುವುದು, ಖಾಲಿ ಜಾಗದಲ್ಲಿ ತೇವ ಹನಿಗಟ್ಟಿ ತಳಕ್ಕಿಳಿದರೆ ಆ ನೀರು ಮತ್ತು ಡೀಸೆಲ್ ಸೇರುವ ಗೆರೆಯಲ್ಲೇ ಶಿಲೀಂಧ್ರ ಬೆಳೆದು ವಸಂತದಲ್ಲಿ ಫಿಲ್ಟರ್ ಕಟ್ಟುತ್ತದೆ. ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿ ವೈರ್ ಬಿಚ್ಚಿಡುವುದು, ತುಂಬಿದ ಲೆಡ್ ಬ್ಯಾಟರಿ ಎಂಥ ಚಳಿಗೂ ಜಗ್ಗದು, ಬರಿದಾದದ್ದು −10ರ ಆಸುಪಾಸಿನಲ್ಲೇ ಹೆಪ್ಪುಗಟ್ಟಿ ಒಡೆಯಬಹುದು. ದಡದಲ್ಲಿರುವ ದೋಣಿಯ ಸೀಕಾಕ್‌ಗಳನ್ನು ತೆರೆದಿಡುವುದು, ಮುಚ್ಚಿದ ಬಾಲ್ ವಾಲ್ವ್‌ನ ಹೊಟ್ಟೆಯಲ್ಲಿ ಉಳಿದ ನೀರೂ ಒಡೆಯಬಲ್ಲದು. ಇವೆಲ್ಲವನ್ನೂ ಗೆಳೆಯ ಮೊದಲ ವರ್ಷವೂ ತಪ್ಪದೆ ಮಾಡಿದ್ದ.

ದೋಣಿ ಆ ಚಳಿಗಾಲವೂ ದಡದ ಮೇಲೇ ಕಳೆಯಿತು. ವಸಂತದಲ್ಲಿ ಹೋದಾಗ ಡಿಪ್‌ಸ್ಟಿಕ್ ಗೆರೆಗೆ ಸರಿಯಾಗಿತ್ತು. ಕಾಕ್ ತಿರುಗಿಸುತ್ತಲೇ, ತಂತಿಯ ಹಂಗಿಲ್ಲದೆ, ಗುಲಾಬಿ ಧಾರೆ ಲೋಟಕ್ಕೆ ಬಿತ್ತು. ಓದು −11, ಶರತ್ಕಾಲದಲ್ಲಿ ಲಾಗ್‌ಗೆ ಬರೆದ ಅಂಕಿಯೇ. ಕೀಲಿಗೆ ಕಟ್ಟಿದ್ದ ಎರಡು ಸಣ್ಣ ಚೀಲಗಳಲ್ಲಿ ಒಂದರಲ್ಲಿ ಇಂಪೆಲ್ಲರ್, ಇನ್ನೊಂದರಲ್ಲಿ ಥರ್ಮೋಸ್ಟಾಟ್. ಎರಡನ್ನೂ ಜಾಗಕ್ಕೆ ಕೂರಿಸಿ, ದೋಣಿಯನ್ನು ನೀರಿಗಿಳಿಸಿ, ಸೀಕಾಕ್ ತೆರೆದ ಮೇಲೆ ಗೆಳೆಯ ಕೀಲಿ ತಿರುಗಿಸಿದ.